ವಾಲ್ಟ್ ಡಿಸ್ನಿ ಏರದೇ ಹೋದ ದೋಣಿ

ಸಂಕ್ರಾಂತಿಯ ಆಸುಪಾಸಿನಲ್ಲಿ ಸಾಲಿಗ್ರಾಮ ಸಮೀಪದ ಚುಂಚನಕಟ್ಟೆಯಲ್ಲಿ ಜಾತ್ರೆ ನೆರೆಯುತ್ತದೆ. ಕೋದಂಡರಾಮನ ದರ್ಶನ ಮುಗಿಸಿ, ದನಗಳ ಪರಿಷೆ ಸುತ್ತಿ ಬಂದವರ ಕಾಲು ಕಡೆಗೆ ಎಳೆಯುವುದು ಆಟದ ಬಯಲಿನತ್ತ. ಯಾವ ಊರಿನ ಜಾತ್ರೆಯಾದರೂ ಅಲ್ಲಿನ ನೋಟ ಒಂದೇ. ಮಕ್ಕಳು ತೊಟ್ಟಿಲಲ್ಲಿ ಕುಳಿತು ಮೇಲೆ ತಿರುಗುತ್ತಿರುತ್ತಾರೆ. ಅಪ್ಪ ಬೆಂಡು ಬತ್ತಾಸಿನ ಪೊಟ್ಟಣ ಹಿಡಿದು ಕೆಳಗೆ ಸುಮ್ಮನೆ ನಿಂತಿರುತ್ತಾನೆ. ಅವನಿಗೆ ಅಲ್ಲಿ ಮಾಡಲು ಬೇರೆ ಕೆಲಸವಿಲ್ಲ.

ಹೀಗೆಯೇ ಸುಮ್ಮನೆ ಕಾದು ಬೇಸತ್ತ ಅಪ್ಪನೊಬ್ಬ ಅಮೆರಿಕದಲ್ಲಿದ್ದ. ಲಾಸ್ ಏಂಜಲೀಸ್ ನಗರದ ಗ್ರಿಫಿತ್ ಪಾರ್ಕಿನ ಬೆಂಚಿನ ಮೇಲೆ ಕುಳಿತು, ಇಬ್ಬರು ಹೆಣ್ಣುಮಕ್ಕಳು ಮರಗುದುರೆಯ ಮೇಲೆ ಸುತ್ತುವುದನ್ನು ನೋಡುತ್ತಿದ್ದ ಆತನಿಗೆ, ಹೆತ್ತವರೂ ಮಕ್ಕಳೂ ಒಟ್ಟಿಗೆ ಕುಳಿತು ನಲಿಯುವ ಜಾಗವೊಂದು ಏಕಿರಬಾರದು ಎನಿಸಿತು. ಆತನ ಹೆಸರು ವಾಲ್ಟ್ ಡಿಸ್ನಿ. ಮಿಕ್ಕಿ ಮೌಸ್‌ನ ಜನಕನೆಂದು ಜಗತ್ತು ಬಲ್ಲ ಈ ಮನುಷ್ಯನ ಬಾಳಿನ ಕೊನೆಯ ಹದಿನೈದು ವರ್ಷಗಳನ್ನು ಆಳಿದ್ದು ಮಾತ್ರ ಆ ಬೆಂಚಿನ ಮೇಲೆ ಹುಟ್ಟಿದ ಯೋಚನೆ.

ಡಿಸ್ನಿ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಷಿಕಾಗೊ ನಗರದಲ್ಲಿ. ತಂದೆ ಇಲಿಯಾಸ್ 1893ರ ಷಿಕಾಗೊ ವಿಶ್ವಮೇಳದ ಕಟ್ಟಡಗಳಲ್ಲಿ ಬಡಗಿಯಾಗಿ ದುಡಿದವರು. (ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ.) ಮಿಸ್ಸೌರಿ ರಾಜ್ಯದ ಮಾರ್ಸಲೀನ್ ಎಂಬ ಪುಟ್ಟ ಊರಿನ ಹೊಲದಲ್ಲಿ ಕಳೆದ ನಾಲ್ಕಾರು ವರ್ಷಗಳೇ ಬಾಲಕನ ಪಾಲಿಗೆ ಸ್ವರ್ಗ. ಆ ಊರನ್ನು ಹಾದುಹೋಗುತ್ತಿದ್ದ ರೈಲಿನ ಮೇಲೆ ಹುಟ್ಟಿದ ಮೋಹ ಸಾಯುವವರೆಗೂ ಬಿಡಲಿಲ್ಲ. ಆನಂತರ ಕ್ಯಾನ್ಸಸ್ ಸಿಟಿ. ತಂದೆ ವಹಿಸಿಕೊಂಡಿದ್ದ ಪತ್ರಿಕೆಗಳನ್ನು ನಸುಕಿನಲ್ಲೆದ್ದು, ಹಿಮ ತುಳಿಯುತ್ತ ಮನೆಮನೆಗೆ ಹಾಕುವ ಕೆಲಸ. ಓದು ಅರ್ಧಕ್ಕೇ ನಿಂತಿತು.

1918ರಲ್ಲಿ ವಯಸ್ಸನ್ನು ತಿದ್ದಿ ರೆಡ್‌ಕ್ರಾಸ್ ಸೇರಿ, ಯುದ್ಧ ಮುಗಿದ ಮೇಲೆ ಫ್ರಾನ್ಸ್ ತಲುಪಿ ಆಂಬುಲೆನ್ಸ್ ಓಡಿಸಿದ್ದು, ಮರಳಿ ಬಂದು ಕಟ್ಟಿದ ಕಂಪನಿ 1923ರಲ್ಲಿ ದಿವಾಳಿಯಾದದ್ದು, ಅದೇ ವರ್ಷ ಹಾಲಿವುಡ್‌ಗೆ ಬಂದು ಅಣ್ಣ ರಾಯ್ ಜತೆ ಸ್ಟುಡಿಯೋ ತೆರೆದದ್ದು, 1928ರಲ್ಲಿ ಮಿಕ್ಕಿಯ ಧ್ವನಿಚಿತ್ರ ಸ್ಟೀಮ್‌ಬೋಟ್ ವಿಲ್ಲಿ ತೆರೆಕಂಡದ್ದು, 1937ರಲ್ಲಿ ಸ್ನೋ ವೈಟ್ ಗೆದ್ದದ್ದು, 1941ರಲ್ಲಿ ಕಲಾವಿದರು ಮುಷ್ಕರ ಹೂಡಿದಾಗ ಮನಸ್ಸು ಮುರಿದದ್ದು ಎಲ್ಲವೂ ಹಲವು ಬಾರಿ ಬರೆಯಲ್ಪಟ್ಟ ಕಥೆಗಳೇ. ಇವೆಲ್ಲದರ ನಡುವೆ ಡಿಸ್ನಿಯನ್ನು ಕಾಡುತ್ತಿದ್ದ ಕೊರಗೊಂದಿತ್ತು. ಚಲನಚಿತ್ರದ ಪ್ರತಿಗಳು ಒಮ್ಮೆ ಹೊರಬಿದ್ದರೆ ಮುಗಿಯಿತು. ತಪ್ಪು ಕಂಡರೂ ತಿದ್ದುವಂತಿಲ್ಲ. ಬೆಳೆಯುವ ಗಿಡದಂತೆ, ಕಟ್ಟಿದ ಮೇಲೂ ಬದಲಿಸುತ್ತ ಹೋಗಬಹುದಾದ ಕೃತಿಯೊಂದು ಆತನಿಗೆ ಬೇಕಿತ್ತು. ಉದ್ಯಾನ ಆ ಆಸೆಯ ಫಲ.

ಅಣ್ಣ ರಾಯ್ ಲೆಕ್ಕದ ಮನುಷ್ಯ, ಸುಲಭಕ್ಕೆ ಒಪ್ಪಲಿಲ್ಲ. ಡಿಸ್ನಿ ತನ್ನ ಜೀವವಿಮೆಯ ಮೇಲೆ ಸಾಲ ಎತ್ತಿದರು. ವಾರಕ್ಕೊಂದು ಟಿ.ವಿ. ಕಾರ್ಯಕ್ರಮ ಮಾಡಿಕೊಡುವ ಕರಾರಿನ ಮೇಲೆ ಎಬಿಸಿ ವಾಹಿನಿ ಬಂಡವಾಳ ಹಾಕಿತು. ಅನಾಹೈಮ್ ಎಂಬಲ್ಲಿನ ಕಿತ್ತಳೆ ತೋಟಗಳನ್ನು ಕಡಿದು, ಒಂದೇ ವರ್ಷದಲ್ಲಿ, 1.7 ಕೋಟಿ ಡಾಲರ್ ವೆಚ್ಚದಲ್ಲಿ ಡಿಸ್ನಿಲ್ಯಾಂಡ್ ಎದ್ದಿತು. 1955ರ ಜುಲೈ 17ರ ಉದ್ಘಾಟನೆ ಮಾತ್ರ ಒಂದು ಪ್ರಹಸನ. ನಕಲಿ ಟಿಕೆಟ್ ಹಿಡಿದವರು ನುಗ್ಗಿದರು, ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿಗೆ ತತ್ವಾರವಾಯಿತು, ಹಸಿ ಡಾಂಬರಿನಲ್ಲಿ ಹೆಂಗಸರ ಎತ್ತರದ ಹಿಮ್ಮಡಿಗಳು ಹೂತುಕೊಂಡವು. ಆದರೂ ಏಳು ವಾರ ಕಳೆಯುವಷ್ಟರಲ್ಲಿ ಹತ್ತು ಲಕ್ಷ ಮಂದಿ ಬಂದು ಹೋಗಿದ್ದರು.

ಉದ್ಯಾನದ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿ ಅದರ ಮೇಲೆ ರೈಲು ಓಡಿಸಿದ್ದು ಬಾಲ್ಯದ ಮೋಹಕ್ಕೆ ಸಲ್ಲಿಸಿದ ಕಪ್ಪ. ಈ ದಿಬ್ಬ ಮುಂದೆ ಒಂದು ತೊಡಕಾಗಲಿದೆ.

ಬಿಡದಿಯ ವಂಡರ್‌ಲಾದಂಥ ಉದ್ಯಾನಗಳನ್ನು ಕಂಡ ಇಂದಿನ ನಗರವಾಸಿಗಳಿಗೆ ಕತ್ತಲ ಕಟ್ಟಡದೊಳಗಿನ ಸವಾರಿ ಹೊಸತಲ್ಲ. ಡಿಸ್ನಿಲ್ಯಾಂಡಿನಲ್ಲಿ ಮೊದಲ ದಿನದಿಂದಲೇ ಅಂಥವು ಇದ್ದವು. ಸ್ನೋ ವೈಟ್ ಸವಾರಿಯಲ್ಲಿ ಗಣಿಯ ಬಂಡಿಯಂಥ ಪುಟ್ಟ ಗಾಡಿಯೇರಿದವರಿಗೆ ಮಾಟಗಾತಿ ಎದುರಾಗುತ್ತಿದ್ದಳು. ಸ್ನೋ ವೈಟ್ ಮಾತ್ರ ಕಾಣುತ್ತಿರಲಿಲ್ಲ. ಗಾಡಿಯಲ್ಲಿ ಕುಳಿತವರೇ ಸ್ನೋ ವೈಟ್ ಎಂಬುದು ರಚಿಸಿದವರ ಎಣಿಕೆ. ಜನಕ್ಕೆ ಅದು ಹೊಳೆಯಲೇ ಇಲ್ಲ. ಆಕೆ ಎಲ್ಲಿ ಎಂದು ಕೇಳುತ್ತ ಹೊರಬರುತ್ತಿದ್ದರು. 1983ರಲ್ಲಿ ಆಕೆಯ ಗೊಂಬೆಯನ್ನೂ ಇರಿಸಬೇಕಾಯಿತು.

ಡಿಸ್ನಿಯ ಕಣ್ಣು ಅದಕ್ಕಿಂತ ದೊಡ್ಡದೊಂದರ ಮೇಲಿತ್ತು. ನ್ಯೂ ಆರ್ಲಿಯನ್ಸ್ ಮಾದರಿಯ ಕೇರಿಯೊಂದನ್ನು ಕಟ್ಟಿ, ಅದರ ನೆಲಮಾಳಿಗೆಯಲ್ಲಿ ಕಡಲ್ಗಳ್ಳರ ಮೇಣದ ಗೊಂಬೆಗಳನ್ನು ನಿಲ್ಲಿಸುವುದು, ಜನ ನಡೆದು ನೋಡುವುದು ಮೊದಲ ಯೋಜನೆ. ಅರವತ್ತರ ದಶಕದ ಆರಂಭದಲ್ಲೇ ಅಡಿಪಾಯ ತೋಡಲಾಯಿತು. ಅಷ್ಟರಲ್ಲಿ 1964-65ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ನಾಲ್ಕು ಪ್ರದರ್ಶನಗಳನ್ನು ಸಿದ್ಧಪಡಿಸುವ ಕೆಲಸ ಬಂತು. ಅಪ್ಪ ಬಡಗಿಯಾಗಿ ದುಡಿದಂಥ ಮೇಳಕ್ಕೆ ಮಗ ಸೂತ್ರಧಾರನಾಗಿ ಹೋದ. ಅಲ್ಲಿ ಎರಡು ಪಾಠಗಳಾದವು. ಅಬ್ರಹಾಂ ಲಿಂಕನ್‌ರ ಯಂತ್ರಗೊಂಬೆ ಕುರ್ಚಿಯಿಂದೆದ್ದು ಭಾಷಣ ಮಾಡಿತು; ಗೊಂಬೆಗೆ ಮಾತು, ಚಲನೆ ಎರಡನ್ನೂ ಕೂಡಿಸುವ ಆಡಿಯೋ ಅನಿಮೇಟ್ರಾನಿಕ್ಸ್ ವಿದ್ಯೆ ಮನುಷ್ಯರೂಪಕ್ಕೂ ಒಗ್ಗುತ್ತದೆಂದು ಖಚಿತವಾಯಿತು. ಜಗತ್ತಿನ ಮಕ್ಕಳ ಗೊಂಬೆಗಳ ನಡುವೆ ನೀರಿನಲ್ಲಿ ಸಾಗುವ ದೋಣಿಗಳು ನೂಕುನುಗ್ಗಲಿಲ್ಲದೆ ಭಾರೀ ಜನಸಂದಣಿಯನ್ನು ಸಾಗಿಸಿದವು. ಮೇಣದ ಗೊಂಬೆಗಳ ಯೋಜನೆ ಅಲ್ಲಿಗೆ ಮುಗಿಯಿತು. ಗೊಂಬೆಗಳಿಗೆ ಜೀವ ಬರಬೇಕು, ಜನ ದೋಣಿಯಲ್ಲಿ ಬರಬೇಕು ಎಂದಾಯಿತು.

ಗುಬ್ಬಿ ವೀರಣ್ಣನವರ ಕಂಪನಿಯ ಕುರುಕ್ಷೇತ್ರ ನಾಟಕದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಪ್ರೇಕ್ಷಕ ಕುಳಿತಲ್ಲೇ ಕುಳಿತಿದ್ದ. ಡಿಸ್ನಿಯ ನಾಟಕದಲ್ಲಿ ರಂಗ ನಿಂತಲ್ಲೇ ನಿಂತಿತು, ಪ್ರೇಕ್ಷಕ ಹರಿದುಹೋದ.

ತೋಡಿದ ನೆಲಮಾಳಿಗೆ ದೋಣಿಗಳಿಗೆ ಸಾಲಲಿಲ್ಲ. ರೈಲಿನ ದಿಬ್ಬದ ಆಚೆ ದೊಡ್ಡ ಕಟ್ಟಡವನ್ನೇ ಎಬ್ಬಿಸಬೇಕಾಯಿತು. ಆದರೆ ಅಲ್ಲಿಗೆ ಹೋಗುವುದು ಹೇಗೆ? ರೈಲನ್ನು ಕೀಳಿಸಲು ಡಿಸ್ನಿ ಒಪ್ಪುವ ಪ್ರಶ್ನೆಯೇ ಇರಲಿಲ್ಲ. ಉಳಿದದ್ದು ಹಳಿಯ ಕೆಳಗೆ ಸುರಂಗ. ಅಷ್ಟು ಕೆಳಗಿಳಿಯಲು ದೋಣಿ ಎರಡು ಕಡೆ ಧುಮುಕಬೇಕು. ಚುಂಚನಕಟ್ಟೆಯ ಕಾವೇರಿಯಂತೆ ಭೋರ್ಗರೆಯದಿದ್ದರೂ, ಕತ್ತಲಲ್ಲಿ ಹೊಟ್ಟೆ ಝಲ್ಲೆನ್ನಲು ಅಷ್ಟು ಸಾಕು. ನೋಡುವವರು ರೋಮಾಂಚನಕ್ಕೆಂದೇ ಇಟ್ಟದ್ದೆಂದು ಭಾವಿಸುತ್ತಾರೆ. ಅಸಲಿಗೆ ಅದು ರೈಲು ಹಳಿಯ ಉಪಕಾರ.

ಚಿತ್ರಕಲಾವಿದ ಮಾರ್ಕ್ ಡೇವಿಸ್ ಕಡಲ್ಗಳ್ಳರ ಹಾಸ್ಯ ಸನ್ನಿವೇಶಗಳನ್ನು ರೂಪಿಸಿದರು, ಅವರ ಪತ್ನಿ ಆಲಿಸ್ ಉಡುಪುಗಳನ್ನು. ಕ್ಲಾಡ್ ಕೋಟ್ಸ್ ಗುಹೆ, ಬೀದಿಗಳನ್ನು ಕಲ್ಪಿಸಿದರು. ಬ್ಲೇನ್ ಗಿಬ್ಸನ್ ಮುಖಗಳನ್ನು ಕಡೆದರು. ಅದುವರೆಗೆ ಹಾಡನ್ನೇ ಬರೆಯದಿದ್ದ ಅಟೆನ್ಸಿಯೋ ಎಂಬ ಆನಿಮೇಷನ್ ಕಲಾವಿದನಿಗೆ ಡಿಸ್ನಿ ಸಂಭಾಷಣೆ ಬರೆಯಲು ಹೇಳಿದರು. ಆತ ಹಾಡನ್ನೂ ಬರೆದ. ಎಲ್ಲ ಗೊಂಬೆಗಳೂ ಒಟ್ಟಿಗೆ ಮಾತನಾಡಿ ಯಾವುದೂ ಸರಿಯಾಗಿ ಕೇಳಿಸುತ್ತಿಲ್ಲವೆಂದು ಆತ ಅಳುಕಿದಾಗ, ಔತಣಕೂಟದಲ್ಲಿ ಕಿವಿಗೆ ಬೀಳುವ ಅರೆಬರೆ ಮಾತುಗಳಂತೆ ಅದೂ ಇರಲಿ, ಮತ್ತೊಮ್ಮೆ ಬಂದವರಿಗೆ ಹೊಸ ಮಾತು ಕೇಳುತ್ತದೆ ಎಂದು ಸಮಾಧಾನ ಹೇಳಿದವರು ಡಿಸ್ನಿಯೇ.

ಇವುಗಳಲ್ಲಿ ಹರಾಜಿನ ದೃಶ್ಯವೊಂದಿತ್ತು. ಊರನ್ನು ಸೂರೆಗೊಂಡ ಕಡಲ್ಗಳ್ಳರು ಸೆರೆಸಿಕ್ಕ ಹೆಂಗಸರನ್ನು ಹಗ್ಗದಲ್ಲಿ ಕಟ್ಟಿ, ವಧುಗಳೆಂದು ಫಲಕ ತೂಗಿಸಿ ಕೂಗಿ ಮಾರುತ್ತಾರೆ. ಕುಡಿದ ಕಳ್ಳರು ಕೆಂಪು ಕೂದಲಿನ ಚೆಲುವೆಗಾಗಿ ಗದ್ದಲವೆಬ್ಬಿಸುತ್ತಾರೆ. ಸ್ಟುಡಿಯೋದ ಉಗ್ರಾಣದಲ್ಲಿ ಈ ದೃಶ್ಯವನ್ನು ಪರೀಕ್ಷೆಗೆಂದು ಜೋಡಿಸಿದಾಗ, ಡಿಸ್ನಿಯನ್ನು ಚಕ್ರದ ಹಲಗೆಯ ಮೇಲಿನ ಕುರ್ಚಿಯಲ್ಲಿ ಕೂರಿಸಿ, ದೋಣಿಯ ವೇಗದಲ್ಲೇ ತಳ್ಳಿಕೊಂಡು ಹೋಗಿ ತೋರಿಸಿದರು. ಹೆಂಗಸರನ್ನು ಹರಾಜು ಹಾಕುವುದು ಸರಿ ಕಂಡೀತೇ ಎಂಬ ಅನುಮಾನ ಡಿಸ್ನಿಗೂ ಇತ್ತೆಂದು ಜತೆಗಿದ್ದವರು ಮುಂದೆ ನೆನಪಿಸಿಕೊಂಡಿದ್ದುಂಟು. ದೃಶ್ಯ ಹಾಗೆಯೇ ಉಳಿಯಿತು.

ನ್ಯೂ ಆರ್ಲಿಯನ್ಸ್ ಕೇರಿ 1966ರ ಜುಲೈನಲ್ಲಿ ತೆರೆಯಿತು. ದೋಣಿಗಳ ಕೆಲಸ ಬಾಕಿಯಿತ್ತು. ಜೀವನವಿಡೀ ಸಿಗರೇಟು ಸೇದಿದ ಡಿಸ್ನಿಗೆ ನವೆಂಬರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಅರವತ್ತೈದನೆಯ ಹುಟ್ಟುಹಬ್ಬ ಆಸ್ಪತ್ರೆಯಲ್ಲಿ ಕಳೆಯಿತು. ಹತ್ತು ದಿನಗಳ ಬಳಿಕ, ಡಿಸೆಂಬರ್ 15ರಂದು, ತನ್ನ ಸ್ಟುಡಿಯೋದ ಎದುರಿನ ಆಸ್ಪತ್ರೆಯಲ್ಲೇ ಆತ ಕಣ್ಮುಚ್ಚಿದರು. ಪೈರೇಟ್ಸ್ ಆಫ್ ದಿ ಕೆರಿಬಿಯನ್ ಸವಾರಿ ಜನರಿಗೆ ತೆರೆದದ್ದು 1967ರ ಮಾರ್ಚ್ 18ರಂದು. ಆತ ಕಂಡದ್ದು ಉಗ್ರಾಣದ ಕುರ್ಚಿಯಿಂದ ಕಂಡಷ್ಟು ಮತ್ತು ಅರೆಬರೆ ಕಟ್ಟಡ ಮಾತ್ರ.

ಬದಲಿಸುತ್ತಲೇ ಇರಬೇಕೆಂದವನು ಹೋದ ಮೇಲೆ, ಏನನ್ನು ಬದಲಿಸಬಹುದೆಂದು ಹೇಳುವವರು ಯಾರು? ಆರಂಭದ ವರ್ಷಗಳಲ್ಲಿ ಕೃತಕ ಅಸ್ಥಿಪಂಜರಗಳು ನೈಜವಾಗಿಲ್ಲವೆಂದು ವೈದ್ಯಕೀಯ ಕಾಲೇಜಿನಿಂದ ತಂದ ನಿಜವಾದ ಎಲುಬುಗಳನ್ನೇ ಗುಹೆಯಲ್ಲಿ ಇರಿಸಲಾಗಿತ್ತು. ಕಾಲಕ್ರಮೇಣ ಅವುಗಳ ಜಾಗಕ್ಕೆ ಕೃತಕವಾದವು ಬಂದವು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಫ್ಲಾರಿಡಾದಲ್ಲಿ 1973ರಲ್ಲಿ, ಟೋಕಿಯೋದಲ್ಲಿ 1983ರಲ್ಲಿ, ಪ್ಯಾರಿಸ್ ಬಳಿ 1992ರಲ್ಲಿ ಇದೇ ಸವಾರಿಯ ತಮ್ಮಂದಿರು ಹುಟ್ಟಿದರು.

ಜಗಳ ಶುರುವಾದದ್ದು 1997ರಲ್ಲಿ. ಕಳ್ಳರು ಹೆಂಗಸರನ್ನು ಅಟ್ಟಾಡಿಸುವ ಗೊಂಬೆಗಳು ಗಿರಗಿರನೆ ಸುತ್ತುತ್ತಿದ್ದವು. ಅಟ್ಟಾಟ ನಗೆಯ ವಿಷಯವಲ್ಲ ಎನ್ನುವ ಆಕ್ಷೇಪ ಬೆಳೆದು, ಹೆಂಗಸರ ಕೈಗೆ ತಿಂಡಿಯ ತಟ್ಟೆ ಕೊಡಲಾಯಿತು. ಕಳ್ಳರು ಈಗ ತಿಂಡಿಯ ಬೆನ್ನು ಹತ್ತಿದ್ದಾರೆಂದು ತಿಳಿಯಬೇಕು! ಸಂಭಾಷಣೆ ಬರೆದ ಅಟೆನ್ಸಿಯೋ ಅವರಿಗೇ ಇದು ರುಚಿಸಲಿಲ್ಲ. ಕಳ್ಳರನ್ನು ಸಂಭಾವಿತರನ್ನಾಗಿಸಿದ ಈ ತೇಪೆ ಹಾಸ್ಯಾಸ್ಪದವಾಗಿದ್ದುದೂ ಹೌದು. 2003ರಲ್ಲಿ ಸವಾರಿಯಿಂದಲೇ ಹುಟ್ಟಿದ ಚಲನಚಿತ್ರ ಗೆದ್ದಿತು. 2006ರಲ್ಲಿ ಆ ಚಿತ್ರದ ನಾಯಕ ಜ್ಯಾಕ್ ಸ್ಪಾರೋ ಗೊಂಬೆಯಾಗಿ ಸವಾರಿಯೊಳಕ್ಕೇ ಬಂದ. ಒಂದು ಕಾಲಕ್ಕೆ ಹೆದರಿದ ಹೆಣ್ಣೊಬ್ಬಳು ಅಡಗಿ ಕುಳಿತಿದ್ದ ಪೀಪಾಯಿಯಿಂದ ಇಣುಕುವವನು ಅವನೇ. ಮಗ ಬಂದು ಅಪ್ಪನ ಮನೆಯ ಯಜಮಾನಿಕೆ ಹಿಡಿದಂತೆ.

ಹರಾಜಿನ ದೃಶ್ಯ ಮಾತ್ರ ಐವತ್ತು ವರ್ಷ ಜಗ್ಗಲಿಲ್ಲ. ಅದನ್ನು ಬದಲಿಸುವುದಾಗಿ ಕಂಪನಿ 2017ರಲ್ಲಿ ಸಾರಿದಾಗ ವಾಗ್ವಾದ ಬಿರುಸಾಯಿತು. ಡಿಸ್ನಿ ಕೊನೆಯದಾಗಿ ಒಪ್ಪಿದ ಕೃತಿ, ಮುಟ್ಟಬಾರದು ಎಂದರು ಹಳೆಯ ಅಭಿಮಾನಿಗಳು. ಪಕ್ಕದಲ್ಲಿ ಕುಳಿತ ಮಗಳಿಗೆ ಆ ಫಲಕದ ಅರ್ಥ ಹೇಳಲು ತಡವರಿಸಿದ ತಂದೆತಾಯಂದಿರು ಬೇರೆಯದೇ ಮಾತು ಹೇಳಿದರು. ಗ್ರಿಫಿತ್ ಪಾರ್ಕಿನ ಬೆಂಚನ್ನು ನೆನೆದರೆ ಎರಡನೆಯವರ ಮಾತಿಗೇ ತೂಕ ಹೆಚ್ಚು. ಹೆತ್ತವರು ಮಕ್ಕಳ ಪಕ್ಕದಲ್ಲಿ ನೆಮ್ಮದಿಯಿಂದ ಕೂರಲಿ ಎಂದೇ ಈ ಉದ್ಯಾನ ಹುಟ್ಟಿದ್ದು.

2018ರ ಜೂನ್‌ನಲ್ಲಿ ಡಿಸ್ನಿಲ್ಯಾಂಡಿನ ದೋಣಿಗಳು ಮತ್ತೆ ಹೊರಟಾಗ, ಮಾರಾಟಕ್ಕೆ ನಿಂತಿದ್ದ ಕೆಂಪು ಕೂದಲಿನವಳು ಬಂದೂಕು ಹಿಡಿದ ಕಡಲ್ಗಳ್ಳಿಯಾಗಿದ್ದಳು. ಹೆಸರು ರೆಡ್. ಹರಾಜಾಗುವುದು ಊರವರಿಂದ ದೋಚಿದ ಸಾಮಾನು. ಸುತ್ತಲಿನ ಕುಡುಕರು ಈಗಲೂ ಗದ್ದಲ ಎಬ್ಬಿಸುತ್ತಾರೆ, ಆದರೆ ಹೆಂಡಕ್ಕಾಗಿ.

ಜೌಗಿನಂಚಿನ ಗುಡಿಸಲ ಜಗಲಿಯಲ್ಲಿ ತೂಗುಕುರ್ಚಿಯ ಮುದುಕ, ಕತ್ತಲಲ್ಲಿ ಮಿನುಗುವ ಮಿಂಚುಹುಳುಗಳು, ಬೀಗದ ಕೈಗೊಂಚಲು ಕಚ್ಚಿಕೊಂಡು ಕೈದಿಗಳನ್ನು ಸತಾಯಿಸುವ ನಾಯಿ ಇವಕ್ಕೆಲ್ಲ ಯಾರೂ ಕೈಹಚ್ಚಿಲ್ಲ. ಮೇಲೆ ದಿಬ್ಬದ ಮೇಲೆ ಡಿಸ್ನಿಯ ರೈಲು ಇಂದಿಗೂ ಸುತ್ತುತ್ತಿದೆ. ಕೆಳಗಿನ ದೋಣಿ, 1967ರಲ್ಲಿ ಧುಮುಕಿದ ಜಾಗದಲ್ಲೇ ಇಂದಿಗೂ ಎರಡು ಬಾರಿ ಧುಮುಕುತ್ತದೆ.