ಒಂದೇ ಹಲ್ಲಿನ ಅಧ್ಯಕ್ಷರು

ಒಂದು ಡಾಲರ್ ನೋಟನ್ನ ಸ್ವಲ್ಪ ಝೂಮ್ ಮಾಡಿ ನೋಡಿ. ಜಾರ್ಜ್ ವಾಷಿಂಗ್ಟನ್ ಅವರ ತುಟಿ ಬಿಗಿದುಕೊಂಡಿದೆ, ಬಾಯಿಯ ಸುತ್ತ ಏನೋ ಊದಿಕೊಂಡ ಹಾಗಿದೆ. ನಾವು ಅದನ್ನ ಗಾಂಭೀರ್ಯ ಅಂದ್ಕೊಂಡಿದ್ವಿ. ಅದರ ಹಿಂದೆ ಇರೋದು ಹಲ್ಲಿನ ಸೆಟ್ಟು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ನಮ್ಮ ರೂಮಿನ ನಾಲ್ವರೂ ನಾಲ್ಕು ತಾಲ್ಲೂಕಿನವರು. ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಹಲ್ಲಿಗೆ ಕಂದು ಗೆರೆ ಬಿದ್ದೋರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆದ್ರೆ ನಮ್ಮ ಪಾವಗಡದವನ ಅಜ್ಜಿಗೆ ಹಲ್ಲೇ ಇಲ್ಲ. ಮುದ್ದೆಗೆ ತೊಂದ್ರೆ ಇಲ್ಲ, ಹೇಗಿದ್ರೂ ನುಂಗೋದು. ಕಡ್ಲೆಕಾಯಿ ಮಾತ್ರ ಕುಟ್ಟಿಸಿಕೊಂಡು ತಿಂತಾರೆ. ಸೆಟ್ಟಾ, ಇಂಪ್ಲಾಂಟಾ ಅಂತ ಮನೇಲಿ ಚರ್ಚೆ. ಅದನ್ನ ಹುಡುಕ್ತಾ ಹೋದ ನಾವು ವಾಷಿಂಗ್ಟನ್ ಬಾಯಿಗೆ ಬಂದು ಬಿದ್ವಿ.

ಅವರು ಹುಟ್ಟಿದ್ದು 1732ರ ಫೆಬ್ರವರಿ 22ರಂದು, ವರ್ಜೀನಿಯಾದಲ್ಲಿ. ಮೊದಲು ಮಾಡಿದ ಕೆಲಸ ಸರ್ವೇ. (ಸಿವಿಲ್‌ನವರು ನಮ್ಮೋರು ಅಂತ ಹೇಳ್ಕೋಬಹುದು.) 24ನೇ ವಯಸ್ಸಿಗೇ ಹಲ್ಲು ಕೀಳಿಸಿದ ಖರ್ಚು ಅವರ ಲೆಕ್ಕದ ಪುಸ್ತಕದಲ್ಲಿದೆ. ಆಮೇಲೆ ಒಂದೊಂದಾಗಿ ಹೋಗ್ತಾನೇ ಬಂದ್ವು. 1775ರಲ್ಲಿ ಸೇನಾಪತಿ ಆದ್ರು, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅವರಿಗೆ ಶರಣಾಯ್ತು. ಅಲ್ಲಿ ಸೋತ ಇದೇ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಟುಕೊಂಡ!

1789ರ ಏಪ್ರಿಲ್ 30ರಂದು ನ್ಯೂಯಾರ್ಕ್‌ನಲ್ಲಿ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡಾಗ ಬಾಯಲ್ಲಿದ್ದ ಸ್ವಂತ ಹಲ್ಲು ಒಂದೇ. ಜಾನ್ ಗ್ರೀನ್‌ವುಡ್ ಅನ್ನೋ ದಂತವೈದ್ಯ ನೀರುಕುದುರೆಯ ದಂತ ಕೆತ್ತಿ ಸೆಟ್ಟು ಮಾಡಿ, ಆ ಒಂದು ಹಲ್ಲು ತೂರೋಕೆ ಅಂತ ತೂತು ಬಿಟ್ಟಿದ್ದ. ಮರದ ಹಲ್ಲು ಅನ್ನೋದು ಬರೀ ಕಟ್ಟುಕತೆ. ಇನ್ನೊಂದು ಸೆಟ್ಟಿಗೆ ಸೀಸದ ತಳ, ಅದರ ಮೇಲೆ ಮನುಷ್ಯರ ಹಲ್ಲು, ಪ್ರಾಣಿಗಳ ಹಲ್ಲು. ಮೇಲಿನ ಪ್ಲೇಟು ಬೀಳದೇ ಇರಲಿ ಅಂತ ಎರಡರ ಮಧ್ಯೆ ಸ್ಪ್ರಿಂಗ್. ಸ್ಪ್ರಿಂಗ್ ಸದಾ ಬಾಯಿ ತೆರೆಯೋಕೆ ನೋಡುತ್ತೆ, ದವಡೆ ಸದಾ ಅದನ್ನ ಒತ್ತಿ ಹಿಡೀಬೇಕು. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಗೊತ್ತಿದ್ರೆ ಡಾಲರ್ ನೋಟಿನ ಮುಖ ಅರ್ಥ ಆಗುತ್ತೆ. ದೇಶ ನಡೆಸೋದರ ಜೊತೆಗೆ ಇಡೀ ದಿನ ಇದೂ ಒಂದು ಕೆಲಸ.

ಒಂದು ವಿಷಯ ಮಾತ್ರ ನಮಗೆ ನುಂಗೋಕಾಗ್ಲಿಲ್ಲ. 1784ರ ಅವರ ಲೆಕ್ಕದಲ್ಲಿ, ಗುಲಾಮರಿಂದ 9 ಹಲ್ಲು ಕೊಂಡಿದ್ದಕ್ಕೆ 122 ಶಿಲ್ಲಿಂಗ್ ಅಂತ ಇದೆ. ಸ್ವಾತಂತ್ರ್ಯದ ಯುದ್ಧ ಗೆದ್ದವರ ಪುಸ್ತಕ ಅದು. ಬೇಡ ಅನ್ನೋ ಹಕ್ಕೇ ಇಲ್ಲದೋರ ಕೈಗೆ ದುಡ್ಡು ಕೊಟ್ರೆ ಅದು ಕೊಂಡ ಹಾಗೆ ಆಗುತ್ತಾ? ರೂಮಲ್ಲಿ ಆ ರಾತ್ರಿ ಇದೇ ಜಗಳ.

1796ರಲ್ಲಿ ಕೊನೆಯ ಹಲ್ಲೂ ಹೋಯ್ತು. ಗ್ರೀನ್‌ವುಡ್ ಅದನ್ನ ತನ್ನ ಗಡಿಯಾರದ ಚೈನಿಗೆ ನೇತುಹಾಕಿಕೊಂಡ. ಮೂರು ವರ್ಷದ ಮೇಲೆ, 1799ರ ಡಿಸೆಂಬರ್ 14ರಂದು ವಾಷಿಂಗ್ಟನ್ ತೀರಿಕೊಂಡ್ರು. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತಿದ್ದ.

ಟೈಟಾನಿಯಂ ಮೂಳೆಗೆ ಅಂಟುತ್ತೆ ಅಂತ ಸ್ವೀಡನ್ನಿನ ಬ್ರೋನೆಮಾರ್ಕ್ ಕಂಡುಕೊಂಡು, ಮನುಷ್ಯರಿಗೆ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. ಅಜ್ಜಿಗೆ ಅದು ಆಗ್ಲಿಲ್ಲ: ದವಡೆ ಮೂಳೆ ಸವೆದಿದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲ, ದುಡ್ಡೂ ಜಾಸ್ತಿ. ಬ್ರಿಡ್ಜಿಗೆ ಅಕ್ಕಪಕ್ಕ ಗಟ್ಟಿ ಹಲ್ಲು ಬೇಕು, ಅದಿಲ್ಲ. ಹಾಗಾಗಿ ಅಕ್ರಿಲಿಕ್ ಸೆಟ್ಟು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸರ್ಕಾರದ ದಂತಭಾಗ್ಯದಲ್ಲಿ ಸಿಗೋದೂ ಇಂಥ ಸೆಟ್ಟೇ. ಸ್ಪ್ರಿಂಗ್ ಇರುತ್ತಾ ಅಂತ ನಾವು ಡಾಕ್ಟರನ್ನ ಕೇಳೇಬಿಟ್ವಿ. ಇಲ್ವಂತೆ, ಮೇಲಿನ ಪ್ಲೇಟನ್ನ ಎಂಜಲಿನ ತೆಳು ಪದರವೇ ಹಿಡಿದುಕೊಳ್ಳುತ್ತಂತೆ. ಹೋದ ವಾರ ತುಮಕೂರಲ್ಲಿ ಅಳತೆ ಕೊಟ್ಟಾಯ್ತು. ಅಜ್ಜಿ ಆಗಲೇ ಎರಡು ಸೇರು ಕಡ್ಲೆಕಾಯಿ ತೆಗೆದಿಟ್ಟಿದ್ದಾರೆ.