ಮಲೇರಿಯಾದ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್‌ಗೆ ನೆರವಾದದ್ದು ಗುಬ್ಬಚ್ಚಿಗಳು!

ಮಲೇರಿಯಾ ಅಂದರೆ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ಜೌಗು ನೆಲದಿಂದ ಏಳುವ ಗಾಳಿಯೇ ಈ ಜ್ವರ ತರುತ್ತದೆ ಎಂದು ಜನ ನೂರಾರು ವರ್ಷ ನಂಬಿದ್ದರು. ಆ ನಂಬಿಕೆ ಮುರಿದವರಲ್ಲಿ ಮುಖ್ಯರು ರೊನಾಲ್ಡ್ ರಾಸ್. ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಸಾಹಿತ್ಯದ ಕಡೆ ಒಲವಿದ್ದ ಹುಡುಗ ತಂದೆಯ ಒತ್ತಾಯಕ್ಕೆ ವೈದ್ಯನಾದ.

1883ರಲ್ಲಿ ರಾಸ್ ನಮ್ಮ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ಬಂಗಲೆ ತುಂಬ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ತೊಟ್ಟಿ ಬರಿದು ಮಾಡಿದರು, ಕಾಟ ಕಡಿಮೆಯಾಯಿತು. ಆದರೆ ಸೊಳ್ಳೆಗೂ ಮಲೇರಿಯಾಗೂ ನಂಟಿರಬಹುದು ಎಂಬುದು ಆಗ ಅವರ ತಲೆಗೂ ಹೊಳೆದಿರಲಿಲ್ಲ.

ಆ ಸುಳಿವು ಸಿಕ್ಕಿದ್ದು 1894ರಲ್ಲಿ, ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಂದ. ಮ್ಯಾನ್ಸನ್ ಊಹೆಯೂ ಅರ್ಧ ತಪ್ಪೇ. ಸೊಳ್ಳೆ ಸತ್ತು ಬಿದ್ದ ನೀರು ಕುಡಿದರೆ ಜ್ವರ ಬರುತ್ತದೆ ಎಂದುಕೊಂಡಿದ್ದರು. ರಾಸ್ ಹಾಗೆ ನೀರು ಕುಡಿಸಿಯೂ ನೋಡಿದರು. ಇವತ್ತು ಇಂಥ ಪ್ರಯೋಗಕ್ಕೆ ಯಾವ ವಿಶ್ವವಿದ್ಯಾಲಯವೂ ಒಪ್ಪಿಗೆ ಕೊಡುವುದಿಲ್ಲ.

ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ ಒಂದು ಸೊಳ್ಳೆ ಕಚ್ಚಿದರೆ ಒಂದಾಣೆ ಕೊಡುತ್ತಿದ್ದರು. 1897ರ ಆಗಸ್ಟ್ 20ರಂದು, ಆತನ ರಕ್ತ ಹೀರಿದ್ದ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಬೆಳೆಯುತ್ತಿರುವುದು ಕಂಡಿತು. ಕೆಲಸ ಮುಂದುವರಿಯುವ ಮೊದಲೇ ವರ್ಗವಾಯಿತು!

1898ರಲ್ಲಿ ಕಲ್ಕತ್ತಾಗೆ ಬಂದರೆ ಇನ್ನೊಂದು ತೊಡಕು. ಪ್ಲೇಗ್ ಚುಚ್ಚುಮದ್ದಿನ ಭಯ ಹಬ್ಬಿತ್ತು. ಸೂಜಿ ಕಂಡರೆ ಜನ ಓಡುತ್ತಿದ್ದರು. ರಾಸ್ ಹಕ್ಕಿಗಳತ್ತ ತಿರುಗಿದರು. ಗುಬ್ಬಚ್ಚಿಗಳಿಗೂ ಅವುಗಳದ್ದೇ ಮಲೇರಿಯಾ ಇದೆ. ರೋಗದ ಹಕ್ಕಿಯ ರಕ್ತ ಹೀರಿದ ಸೊಳ್ಳೆಗಳನ್ನು ದಿನದಿನವೂ ಸೀಳಿ ನೋಡುತ್ತಾ ಹೋದರು. ಜುಲೈನಲ್ಲಿ ಪರಾವಲಂಬಿ ಸಿಕ್ಕಿದ್ದು ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ. ಅಂದರೆ ರೋಗ ಹರಡುವುದು ನೀರು ಕುಡಿದಾಗಲ್ಲ, ಸೊಳ್ಳೆ ಕಚ್ಚಿದಾಗ. ಅವೇ ಸೊಳ್ಳೆಗಳಿಂದ ಕಚ್ಚಿಸಿದಾಗ ಆರೋಗ್ಯವಾಗಿದ್ದ ಗುಬ್ಬಚ್ಚಿಗಳಿಗೂ ರೋಗ ಬಂತು.

ಗಾಬರಿ ಬೇಡ, ಗುಬ್ಬಚ್ಚಿಯ ಮಲೇರಿಯಾ ಮನುಷ್ಯರಿಗೆ ಬರುವುದಿಲ್ಲ. ಅದನ್ನು ಹರಡುವುದು ಕ್ಯೂಲೆಕ್ಸ್ ಸೊಳ್ಳೆ, ನಮ್ಮದನ್ನು ಹರಡುವುದು ಅನಾಫಿಲಿಸ್. ಈ ಎರಡನೆಯದನ್ನು ಅದೇ ವರ್ಷ ಖಚಿತಪಡಿಸಿದ್ದು ರೋಮ್ ವಿಶ್ವವಿದ್ಯಾಲಯದ ಗ್ರಾಸ್ಸಿ ಮತ್ತು ಸಂಗಡಿಗರು. 1902ರ ನೊಬೆಲ್ ರಾಸ್ ಒಬ್ಬರಿಗೇ ಹೋಯಿತು. ಇದು ಗ್ರಾಸ್ಸಿಗೆ ಅನ್ಯಾಯ ಎಂದೇ ನಮಗನಿಸುತ್ತದೆ.

ಅಂದಹಾಗೆ, ಮಲೇರಿಯಾ ಪರಾವಲಂಬಿಯನ್ನೇ ಕಂಡುಹಿಡಿದದ್ದು ರಾಸ್ ಎಂಬ ಫಾರ್ವರ್ಡ್ ಬಂದರೆ ಅದು ತಪ್ಪು. 1880ರಲ್ಲಿ ಅಲ್ಜೀರಿಯಾದಲ್ಲಿ ಅದನ್ನು ಮೊದಲು ಕಂಡವರು ಫ್ರೆಂಚ್ ಸೇನಾ ವೈದ್ಯ ಲಾವೆರಾನ್. ರಾಸ್ ಮುಂದೆ ಲಿವರ್‌ಪೂಲಿನಲ್ಲಿ ಪ್ರಾಧ್ಯಾಪಕರಾದರು. ನಿಂತ ನೀರು ಬರಿದು ಮಾಡಿ ಎಂದು ದೇಶದೇಶಗಳಿಗೆ ಹೋಗಿ ಹೇಳುತ್ತಾ, 1932ರಲ್ಲಿ ತೀರಿಕೊಂಡರು.