ಹ್ಯಾನಿಬಲ್ ಊರಿನ ಹುಡುಗ

ಮುಂದೆ ಮಾರ್ಕ್ ಟ್ವೇನ್ ಎಂದು ಹೆಸರಾದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಹುಟ್ಟಿದ್ದು 1835ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದಲ್ಲಿ. ನಾಲ್ಕನೆಯ ವಯಸ್ಸಿನಲ್ಲಿ ಮಿಸಿಸಿಪಿ ನದಿಯ ದಂಡೆಯ ಹ್ಯಾನಿಬಲ್‌ಗೆ ಬಂದ. 1847ರಲ್ಲಿ ತಂದೆ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ.

ಗುಲಾಮಗಿರಿ ಅಲ್ಲಿ ಕಾನೂನುಬದ್ಧ. ಚರ್ಚಿನಲ್ಲಿ ಅದಕ್ಕೆ ದೇವರ ಒಪ್ಪಿಗೆಯಿದೆ ಎಂದೇ ಬೋಧನೆ. ಆದರೆ ಬೇಸಗೆಯಲ್ಲಿ ಚಿಕ್ಕಮ್ಮನ ಹೊಲಮನೆಗೆ ಹೋದಾಗ ಡ್ಯಾನಿಯಲ್ ಎಂಬ ಗುಲಾಮ ಹೇಳುತ್ತಿದ್ದ ಕತೆಗಳಿಗೆ ಮಕ್ಕಳೆಲ್ಲ ಮುತ್ತಿಕೊಳ್ಳುತ್ತಿದ್ದರು. ಊರ ಕುಡುಕನ ಮಗ ಟಾಮ್ ಬ್ಲಾಂಕೆನ್‌ಶಿಪ್ ಜೊತೆ ಸೇರಕೂಡದೆಂದು ಹಿರಿಯರ ಕಟ್ಟಪ್ಪಣೆ. ಹುಡುಗರು ಬಿಟ್ಟಾರೆಯೇ! ಈ ಟಾಮನ ಅಣ್ಣ, ತಪ್ಪಿಸಿಕೊಂಡು ಬಂದ ಗುಲಾಮನೊಬ್ಬನಿಗೆ ನದಿಯ ನಡುಗಡ್ಡೆಯಲ್ಲಿ ಗುಟ್ಟಾಗಿ ಊಟ ಮುಟ್ಟಿಸುತ್ತಿದ್ದ. ಹಿಡಿದುಕೊಟ್ಟಿದ್ದರೆ ಬಹುಮಾನದ ಹಣ ಸಿಗುತ್ತಿತ್ತು. ಆ ಮನೆಯಲ್ಲೋ ಕಡು ಬಡತನ.

1859ರಲ್ಲಿ ಸ್ಯಾಮ್‌ಗೆ ಹಬೆದೋಣಿ ನಡೆಸುವ ಪರವಾನಗಿ ಸಿಕ್ಕಿತು. ಲೇಖಕನಾದಾಗ ಇಟ್ಟುಕೊಂಡ ಹೆಸರೂ ನದಿಯದೇ: ಎರಡು ಮಾರು, ಅಂದರೆ 12 ಅಡಿ ಆಳವಿದೆ ಎನ್ನುವ ನಾವಿಕರ ಕೂಗು.

1885ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಹಕಲ್‌ಬೆರಿ ಫಿನ್’ ಕಾದಂಬರಿಯ ಹಕ್‌ಗೆ ಟಾಮನೇ ಮಾದರಿ, ಗುಲಾಮ ಜಿಮ್‌ಗೆ ಡ್ಯಾನಿಯಲ್. ಇದನ್ನು ಪಾಠಕ್ಕೆ ಎತ್ತಿಕೊಳ್ಳುವವರು ನಡುಗಡ್ಡೆಯ ಸಂಗತಿಯನ್ನು ಮೊದಲೇ ಹೇಳುವುದು ಒಳ್ಳೆಯದು. ಜಿಮ್‌ನನ್ನು ಬಿಡಿಸುವುದು ಪಾಪವೆಂದೇ ಹಕ್‌ಗೆ ಕಲಿಸಲಾಗಿದೆ. ಅವನು ಅದನ್ನು ನಂಬಿಯೂ ಇದ್ದಾನೆ. ನರಕಕ್ಕೆ ಹೋದರೂ ಸರಿಯೆಂದು ಬಿಡಿಸಲು ಹೊರಡುತ್ತಾನೆ.